ಸೋಂಕಿನೊಡನೆ ಪ್ರಯಾಣ: ಹೇಳುವ ಹೊಣೆ, ಹೇಳಗೊಡುವ ಹೊಣೆ



ಈ ವರ್ಷದ ದತ್ತಿ ಉಪನ್ಯಾಸಕ್ಕೆ ನನ್ನನ್ನು ಕರೆದ ಸಂಸ್ಥೆ ವಿಷಯದ ಆಯ್ಕೆಯನ್ನೂ ನನಗೇ ಬಿಟ್ಟಿದೆ. ನಾನು ವೈದ್ಯ. ಸಾರ್ವಜನಿಕ ಆರೋಗ್ಯ ನನ್ನ ಕ್ಷೇತ್ರ. ಇವತ್ತು ನಿಮ್ಮ ಮುಂದಿಡುವ ಪ್ರಶ್ನೆ ಇದು: ಒಬ್ಬರಿಂದ ಒಬ್ಬರಿಗೆ ಹರಡುವ ಕಾಯಿಲೆ ಮೈಯಲ್ಲಿದೆ ಎಂದು ಗೊತ್ತಿದ್ದೂ, ಅಥವಾ ಇರಬಹುದೆಂಬ ಗುಮಾನಿ ಇದ್ದೂ ಬಸ್ಸು, ರೈಲು, ವಿಮಾನ ಹತ್ತುವವರ ಹೊಣೆ ಏನು? ಕೋವಿಡ್ ಕಾಲದಲ್ಲಿ ಈ ಪ್ರಶ್ನೆ ಪ್ರತಿ ಮನೆಯ ಹೊಸ್ತಿಲಿಗೂ ಬಂದಿತ್ತು. ಆಗ ಭಯ ಇತ್ತು, ಜಗಳ ಇತ್ತು, ಯೋಚನೆಗೆ ವ್ಯವಧಾನ ಇರಲಿಲ್ಲ. ಈಗ ವ್ಯವಧಾನ ಇದೆ, ಪ್ರಶ್ನೆಯೇ ಮರೆತುಹೋಗಿದೆ. ಅದಕ್ಕೇ ಇದನ್ನು ಆರಿಸಿಕೊಂಡೆ.

ಮೊದಲು, ರೋಗಿಗೆ ಎಷ್ಟು ಗೊತ್ತಿರುತ್ತದೆ ಎಂಬುದನ್ನು ನೋಡುತ್ತೇನೆ. ಆಮೇಲೆ, ಗೊತ್ತಿದ್ದವರು ಹೇಗೆ ನಡೆದುಕೊಂಡರು ಎಂಬುದಕ್ಕೆ ಕೆಲವು ಪ್ರಸಂಗಗಳು. ಕಾನೂನಿನ ಬಗ್ಗೆ ಸ್ವಲ್ಪ. ಕೊನೆಗೆ, ಹೊರಡದೆ ಬೇರೆ ದಾರಿಯೇ ಇಲ್ಲದವರ ವಿಚಾರ. ನನ್ನ ಮನಸ್ಸಿನಲ್ಲಿ ಹೆಚ್ಚು ಭಾರವಾಗಿರುವುದು ಈ ಕೊನೆಯದು.

ಅಂಟುರೋಗ ಎಂದ ಕೂಡಲೇ ಎಲ್ಲ ರೋಗಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಅಭ್ಯಾಸ ನಮ್ಮದು. ಇದು ತಪ್ಪು. ಎಚ್‌ಐವಿ ಇರುವವರು, ಹೆಪಟೈಟಿಸ್ ಬಿ ಇರುವವರು, ಕುಷ್ಠಕ್ಕೆ ಔಷಧಿ ತೆಗೆದುಕೊಳ್ಳುತ್ತಿರುವವರು ನಿಮ್ಮ ಪಕ್ಕದ ಸೀಟಿನಲ್ಲಿ ಇಡೀ ದಿನ ಕುಳಿತಿದ್ದರೂ ನಿಮಗೆ ಏನೂ ಆಗುವುದಿಲ್ಲ. ಅವರು ತಮ್ಮ ಕಾಯಿಲೆಯನ್ನು ಯಾರಿಗೂ ಹೇಳಬೇಕಾಗಿಲ್ಲ. ಎಚ್‌ಐವಿ ಇದ್ದ ವಿದೇಶೀಯರು ತನ್ನ ನೆಲಕ್ಕೆ ಕಾಲಿಡಬಾರದೆಂದು ಅಮೆರಿಕದಂಥ ದೇಶ 1987ರಲ್ಲಿ ಮಾಡಿದ ನಿರ್ಬಂಧ ತೆರವಾದದ್ದು 2010ರ ಜನವರಿಯಲ್ಲಿ. ಆ ಅಷ್ಟೂ ವರ್ಷ ಅದು ಯಾವ ಸಹಪ್ರಯಾಣಿಕನನ್ನೂ ಕಾಪಾಡಲಿಲ್ಲ. ಆದ್ದರಿಂದ ಹೊಣೆಯ ಮಾತು ಶುರುವಾಗಬೇಕಾದ್ದು, ಈ ರೋಗ ಹರಡುವುದು ಹೇಗೆ ಎಂಬ ತಿಳಿವಳಿಕೆಯಿಂದ. ನನ್ನ ಮಾತು ಇನ್ನು ಮುಂದೆ ಹೆಚ್ಚಾಗಿ ಗಾಳಿಯಲ್ಲಿ, ಕೆಮ್ಮಿನಲ್ಲಿ ಹರಡುವ ರೋಗಗಳ ಬಗ್ಗೆ: ದಡಾರ, ಚಿಕನ್‌ಪಾಕ್ಸ್, ಫ್ಲೂ, ಕೋವಿಡ್, ಕ್ಷಯದಂಥವು.

ಮುಚ್ಚಿದ ವಾಹನದಲ್ಲಿ ಇವು ಹೇಗೆ ಹರಡುತ್ತವೆ ಎಂಬುದಕ್ಕೆ 1977ರಲ್ಲಿ ಅಲಾಸ್ಕಾದಲ್ಲಿ ನಡೆದ ಒಂದು ಘಟನೆ ವೈದ್ಯಕೀಯ ವಿದ್ಯಾರ್ಥಿಗಳಿಗೆ ಪರಿಚಿತ. 54 ಜನರಿದ್ದ ವಿಮಾನವೊಂದು ಎಂಜಿನ್ ಕೆಟ್ಟು ಸುಮಾರು ಮೂರು ಗಂಟೆ ನೆಲದ ಮೇಲೇ ನಿಂತಿತು. ಒಳಗೆ ಗಾಳಿಯಾಡುವ ವ್ಯವಸ್ಥೆ ನಿಂತಿತ್ತು. ಪ್ರಯಾಣಿಕರಲ್ಲಿ ಒಬ್ಬರಿಗೆ ಫ್ಲೂ ಇತ್ತು. 72 ಗಂಟೆಯೊಳಗೆ ಪ್ರಯಾಣಿಕರಲ್ಲಿ ಶೇ 72ರಷ್ಟು ಮಂದಿ ಕೆಮ್ಮು ಜ್ವರದಿಂದ ಮಲಗಿದರು. ಹಾರುತ್ತಿರುವ ದೊಡ್ಡ ವಿಮಾನಗಳ ಸ್ಥಿತಿ ಇಷ್ಟು ಕೆಟ್ಟದ್ದಲ್ಲ. ಒಳಗಿನ ಗಾಳಿ ಗಂಟೆಗೆ ಇಪ್ಪತ್ತು ಸಲಕ್ಕಿಂತ ಹೆಚ್ಚು ಬದಲಾಗುತ್ತದೆ, ಮೇಲಿನಿಂದ ಕೆಳಕ್ಕೆ ಹರಿಯುತ್ತದೆ, ಸೂಕ್ಷ್ಮ ಶೋಧಕಗಳನ್ನು ಹಾದು ಬರುತ್ತದೆ. ಹೀಗಾಗಿ ಅಪಾಯ ಹೆಚ್ಚಾಗಿ ರೋಗಿಯ ಸುತ್ತಲಿನ ಕೆಲವು ಸಾಲುಗಳಿಗೆ ಸೇರಿದ್ದು. ಕ್ಷಯರೋಗಿಯೊಬ್ಬರು ಎಂಟು ಗಂಟೆಗೂ ಮೀರಿದ ವಿಮಾನ ಪ್ರಯಾಣ ಮಾಡಿದರೆ ಅವರ ಸಾಲು, ಮುಂದಿನ ಎರಡು ಸಾಲು, ಹಿಂದಿನ ಎರಡು ಸಾಲಿನವರನ್ನು ಹುಡುಕಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುವುದು ಈ ಕಾರಣಕ್ಕೆ. ನನಗೆ ವಿಮಾನಕ್ಕಿಂತ ಹೆಚ್ಚಿನ ಚಿಂತೆ ನಮ್ಮ ರಾತ್ರಿ ಎಸಿ ಸ್ಲೀಪರ್ ಬಸ್ಸುಗಳದ್ದು. ಕಿಟಕಿ ತೆರೆಯುವುದಿಲ್ಲ, ಬರ್ತಿಗೊಂದು ಪರದೆ, ಬೆಂಗಳೂರಿಂದ ಬೀದರಿಗೆ ಇಡೀ ರಾತ್ರಿ ಅದೇ ಗಾಳಿ. ಹೊರಗಿನ ಗಾಳಿ ಎಷ್ಟು ಒಳಗೆ ಬರುತ್ತದೆಂದು ಕೇಳುವ ಪ್ರಯಾಣಿಕನನ್ನು ನಾನಿನ್ನೂ ಕಂಡಿಲ್ಲ.

ಇನ್ನು ರೋಗಿಯ ತಿಳಿವಿನ ಮಾತು. ದಡಾರದ ದದ್ದು ಏಳುವುದಕ್ಕೆ ನಾಲ್ಕು ದಿನ ಮೊದಲೇ ಆ ಮಗು ಸೋಂಕು ಹರಡುತ್ತಿರುತ್ತದೆ. ಆ ನಾಲ್ಕು ದಿನ ತಾಯಿ ಮಗುವನ್ನು ಎತ್ತಿಕೊಂಡು ಜಾತ್ರೆಗೆ ಹೋಗಿದ್ದರೆ ಅವಳನ್ನು ದೂರುವುದು ಅನ್ಯಾಯ. ದೇಶದಲ್ಲಿ ಕೋವಿಡ್‌ನಿಂದ ಮೊದಲ ಸಾವು ದಾಖಲಾದದ್ದು ನಮ್ಮ ಕಲಬುರಗಿಯಲ್ಲಿ, 2020ರ ಮಾರ್ಚ್‌ನಲ್ಲಿ. ಹೊರದೇಶದಿಂದ ಮರಳಿದ್ದ ಆ ಹಿರಿಯರಿಗೆ ವಿಮಾನ ನಿಲ್ದಾಣದಲ್ಲಿ ಇಳಿದಾಗ ಲಕ್ಷಣವೇ ಇರಲಿಲ್ಲ. ತಿಳಿಯದವರ ಮೇಲೆ ತಪ್ಪು ಹೊರಿಸುವುದಕ್ಕೆ ನಾಗರಿಕ ಸಮಾಜಕ್ಕೆ ಹಕ್ಕಿಲ್ಲ. ಹೊಣೆ ಹುಟ್ಟುವುದು ತಿಳಿದ ಕ್ಷಣದಲ್ಲಿ.

ಆದರೆ ತಿಳಿಯುವುದು ಬೇಡ ಎಂದು ಮುಖ ತಿರುಗಿಸಿಕೊಳ್ಳುವುದೂ ಒಂದಿದೆ. ನನ್ನ ಹೊರರೋಗಿ ವಿಭಾಗಕ್ಕೆ ಒಂದು ಸಂಜೆ ತಾಯಿ ಮಗಳು ಬಂದರು. ಮಗಳಿಗೆ ಎಂಟೊಂಬತ್ತು ವರ್ಷವಿರಬಹುದು. ಬೇಸಗೆಯಲ್ಲಿ ತುಂಬುತೋಳಿನ ಅಂಗಿ, ತಲೆಗೆ ಟೋಪಿ. ಟೋಪಿ ತೆಗೆಸಿದೆ. ಕೂದಲಂಚಿನಲ್ಲಿ ನೀರು ತುಂಬಿದ ಗುಳ್ಳೆಗಳು, ಕೆಲವು ಒಡೆದಿವೆ, ಕೆಲವು ಆಗಷ್ಟೇ ಏಳುತ್ತಿವೆ. "ನಾಡಿದ್ದು ನನ್ನ ತಮ್ಮನ ಮದುವೆ ಡಾಕ್ಟ್ರೇ, ರೈಲಿಗೆ ಎರಡು ತಿಂಗಳ ಹಿಂದೇನೇ ರಿಸರ್ವ್ ಮಾಡ್ಸಿದೀವಿ. ಒಂದು ಫಿಟ್‌ನೆಸ್ ಬರ್ಕೊಟ್ಬಿಡಿ" ಎಂದರು. ಇದು ಚಿಕನ್‌ಪಾಕ್ಸ್ ಎಂದೆ. "ಬೆವರುಸಾಲೆ ಅನ್ಕೊಂಡಿದ್ದೆ" ಎಂದರು. ಮಗುವೇ ತಲೆ ತಗ್ಗಿಸಿ, "ಅಜ್ಜಿ ಅಮ್ಮ ಬಂದಿದೆ ಅಂತ ಹೇಳಿದ್ರು" ಎಂದಿತು.

ಆ ತಾಯಿ ಕೆಟ್ಟವರಲ್ಲ. ಒಬ್ಬನೇ ತಮ್ಮ, ಧಾರೆ ಹೊತ್ತಿಗೆ ಅಕ್ಕ ಇಲ್ಲದಿದ್ದರೆ ಊರೆಲ್ಲ ಕೇಳುತ್ತದೆ, ದುಡ್ಡು ಕೊಟ್ಟಾಗಿದೆ. ನಾನು ಹೇಳಿದ್ದು ಒಂದೇ ಮಾತು: ನಿಮ್ಮ ಎದುರಿನ ಬರ್ತಿನಲ್ಲಿ ಹೆರಿಗೆಗೆಂದು ತವರಿಗೆ ಹೊರಟ ಹೆಣ್ಣುಮಗಳು ಇರಬಹುದು. ತುಂಬಿದ ಬಸುರಿಗೆ ಈ ರೋಗ ನ್ಯುಮೋನಿಯಾ ತರಬಲ್ಲದು, ಹೆರಿಗೆಯ ಆಸುಪಾಸಿನಲ್ಲಿ ಬಂದರೆ ಹುಟ್ಟುವ ಕೂಸಿನ ಜೀವಕ್ಕೇ ಅಪಾಯ. ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆಗಟ್ಟುವ ತನಕ ಈ ಮಗು ಹೊರಡಬಾರದು. ಅವರು ಬಹಳ ಹೊತ್ತು ಸುಮ್ಮನಿದ್ದು, ಗಂಡನಿಗೆ ಫೋನು ಮಾಡಿ, ಮಗಳನ್ನು ಅವರ ಬಳಿ ಬಿಟ್ಟು ತಾವೊಬ್ಬರೇ ಹೋಗುವುದೆಂದು ತೀರ್ಮಾನಿಸಿದರು. ಅವರಿಗೆ ಚಿಕ್ಕಂದಿನಲ್ಲೇ ಬಂದು ಹೋಗಿದ್ದರಿಂದ ಅಡ್ಡಿಯಿರಲಿಲ್ಲ. ನನ್ನ ಅನುಭವದಲ್ಲಿ ಬಹುತೇಕ ಜನ ಹೀಗೆಯೇ. ಎದುರು ಬರ್ತಿನವರು ಯಾರು ಎಂಬುದು ಒಮ್ಮೆ ಕಣ್ಣಿಗೆ ಕಟ್ಟಿದರೆ ಅವರು ಹೊರಡುವುದಿಲ್ಲ.

ಆ ಅಜ್ಜಿಯ ಮಾತನ್ನು ಇಲ್ಲಿ ನೆನೆಯಬೇಕು. ನಮ್ಮ ಹಳ್ಳಿಗಳಲ್ಲಿ ಅಮ್ಮ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದರು. ಆ ಮನೆಯವರು ನೆಂಟರ ಮನೆಗೆ ಹೋಗುತ್ತಿರಲಿಲ್ಲ, ನೆಂಟರೂ ಬರುತ್ತಿರಲಿಲ್ಲ. ರೋಗ ಇದೆ ಎಂದು ತಾವೇ ಸಾರುವುದು, ಸಾರಿದವರನ್ನು ಯಾರೂ ಹೀಗಳೆಯದಿರುವುದು ಎರಡೂ ಆ ಸೊಪ್ಪಿನ ಕಟ್ಟಿನಲ್ಲಿದ್ದವು. ಹಳೆಯದನ್ನೆಲ್ಲ ನಾನು ಹೊಗಳುತ್ತಿಲ್ಲ. ಮಡಿ ಮೈಲಿಗೆಯ ಹೆಸರಿನಲ್ಲಿ ನಾವು ನಮ್ಮವರನ್ನೇ ಊರಾಚೆ ಇಟ್ಟವರು, ಆ ಲೆಕ್ಕ ಇನ್ನೂ ತೀರಿಲ್ಲ. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯಲ್ಲಿ ನಾರಣಪ್ಪ ಶಿವಮೊಗ್ಗದಿಂದ ಪ್ಲೇಗಿನ ಜ್ವರ ಹೊತ್ತು ಅಗ್ರಹಾರಕ್ಕೆ ಬಂದು ಸಾಯುತ್ತಾನೆ. ಅವನ ಶವಸಂಸ್ಕಾರ ಮಾಡುವವರು ಯಾರೆಂದು ಕೇಳಲು ಹೊರಟ ಬ್ರಾಹ್ಮಣರಲ್ಲಿ ಕೆಲವರು ದಾರಿಯಲ್ಲೇ ಜ್ವರ ಬಂದು ಮಲಗುತ್ತಾರೆ. ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರೂ ಮೇಳಿಗೆಯ ಜಾತ್ರೆಗೆ ಹೋಗುತ್ತಾರೆ. ದೇವಸ್ಥಾನದ ಪಂಕ್ತಿಯಲ್ಲಿ ಕುಳಿತಾಗ ಅವರನ್ನು ಸುಡುವುದು ತಾನು ಸೂತಕದಲ್ಲಿದ್ದೇನೆ ಎಂಬ ಭಯ. ಪ್ಲೇಗಿನ ಊರಿನಿಂದ ಬಂದವನು ತಾನೆಂಬುದು ಆ ಪಂಕ್ತಿಯಲ್ಲಿ ಅವರನ್ನು ಅಷ್ಟು ಕಾಡುವುದಿಲ್ಲ. ಈ ಕಾದಂಬರಿಯನ್ನು ವೈದ್ಯನ ಕಣ್ಣಿನಿಂದ ಓದಿದಾಗಲೆಲ್ಲ ನಾನು ನಿಲ್ಲುವುದು ಅಲ್ಲಿಯೇ.

ಈಗ ಎರಡನೆಯ ವಿಚಾರಕ್ಕೆ, ಗೊತ್ತಿದ್ದವರ ನಡೆಗೆ ಬರುತ್ತೇನೆ. 2003ರ ಫೆಬ್ರವರಿ 21ರಂದು ಚೀನಾದ ಗ್ವಾಂಗ್‌ಝೌ ನಗರದ ವೈದ್ಯ ಲಿಯು ಜಿಯಾನ್‌ಲುನ್ ಮದುವೆಯೊಂದಕ್ಕೆಂದು ಹಾಂಗ್‌ಕಾಂಗ್‌ಗೆ ಬಂದು ಮೆಟ್ರೊಪೋಲ್ ಹೋಟೆಲಿನ ಒಂಬತ್ತನೆಯ ಮಹಡಿಯಲ್ಲಿ ಇಳಿದುಕೊಂಡರು. ತಮ್ಮೂರಲ್ಲಿ ಹೆಸರಿಲ್ಲದ ಹೊಸ ನ್ಯುಮೋನಿಯಾ ರೋಗಿಗಳನ್ನು ನೋಡಿಕೊಂಡಿದ್ದವರು, ಕೆಲವು ದಿನಗಳಿಂದ ಅವರಿಗೂ ಮೈ ಸರಿ ಇರಲಿಲ್ಲ. ಒಂದೇ ರಾತ್ರಿ. ಆ ಹೋಟೆಲಿನಲ್ಲಿ ಉಳಿದಿದ್ದವರಿಂದ, ಆಮೇಲೆ ಸಾರ್ಸ್ ಎಂದು ಹೆಸರಾದ ಆ ರೋಗ ಹನಾಯ್, ಟೊರಾಂಟೊ, ಸಿಂಗಪುರಗಳಿಗೆ ಹೋಯಿತು. ಕೊನೆಗೆ 8000ಕ್ಕೂ ಹೆಚ್ಚು ಮಂದಿಗೆ ತಗುಲಿ 774 ಜನ ಸತ್ತರು. ಹೋಟೆಲಿಗೆ ಬಂದ ಮರುದಿನ ಲಿಯು ಆಸ್ಪತ್ರೆಗೆ ಹೋದಾಗ ಮಾಡಿದ ಮೊದಲ ಕೆಲಸವೆಂದರೆ, ತನ್ನನ್ನು ಪ್ರತ್ಯೇಕವಾಗಿಡಿ ಎಂದು ಅಲ್ಲಿನ ಸಿಬ್ಬಂದಿಯನ್ನು ಎಚ್ಚರಿಸಿದ್ದು. ಆ ಮಾತು ಹೊರಡುವ ಮೊದಲೇ ಅವರ ಬಾಯಿಗೆ ಬರಬೇಕಾಗಿತ್ತು. ಆದರೂ ಬಂತು, ಆ ಆಸ್ಪತ್ರೆಯವರಿಗೆ ಅದು ನೆರವಾಯಿತು. ಮಾರ್ಚ್ 4ರಂದು ಅವರು ತೀರಿಕೊಂಡರು.

ಆ ಹೋಟೆಲಿನಿಂದ ಹನಾಯ್‌ಗೆ ಹೋದ ರೋಗಿಯನ್ನು ನೋಡಿ, ಇದು ಸಾಮಾನ್ಯ ಫ್ಲೂ ಅಲ್ಲ ಎಂದು ಜಗತ್ತನ್ನು ಎಚ್ಚರಿಸಿದವರು ಇಟಲಿಯ ವೈದ್ಯ ಕಾರ್ಲೊ ಉರ್ಬಾನಿ. ಮಾರ್ಚ್ 11ರಂದು ಅವರು ಸಮ್ಮೇಳನಕ್ಕೆಂದು ಬ್ಯಾಂಕಾಕ್ ವಿಮಾನ ಹತ್ತಿದರು. ದಾರಿಯಲ್ಲಿ ಜ್ವರ ಏರಿತು. ಇಳಿದಾಗ ಬರಮಾಡಿಕೊಳ್ಳಲು ಸಹೋದ್ಯೋಗಿ ನಿಂತಿದ್ದರು. ಹತ್ತಿರ ಬರಬೇಡಿ ಎಂದು ಉರ್ಬಾನಿ ದೂರದಿಂದಲೇ ತಡೆದರು. ರಕ್ಷಣಾ ಕವಚಗಳೊಡನೆ ಆಂಬುಲೆನ್ಸ್ ಬರುವ ತನಕ ಇಬ್ಬರೂ ದೂರ ದೂರ ಕುಳಿತು ಕಾದರು. ಆ ಕಾಯುವಿಕೆಯನ್ನು ಸ್ವಲ್ಪ ಊಹಿಸಿಕೊಳ್ಳಿ. ತನಗೆ ಬಂದಿರುವುದು ಏನೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಆ ಹೊತ್ತು ಜಗತ್ತಿನಲ್ಲಿ ಹೆಚ್ಚು ಮಂದಿ ಇರಲಿಲ್ಲ. ಮಾರ್ಚ್ 29ರಂದು, 46ರ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಇದಕ್ಕೆ ಬೇರೆಯಾದ ಪ್ರಸಂಗ 2007ರದ್ದು. ಅಮೆರಿಕದ ಅಟ್ಲಾಂಟಾದ ಒಬ್ಬ ವಕೀಲರಿಗೆ ಔಷಧಿಗೆ ಬಗ್ಗದ ಕ್ಷಯವಿದೆಯೆಂದು ಗೊತ್ತಾಗಿತ್ತು. ಗ್ರೀಸಿನಲ್ಲಿ ಮದುವೆ ನಿಶ್ಚಯವಾಗಿತ್ತು. ಮೇ ತಿಂಗಳಲ್ಲಿ ಪ್ಯಾರಿಸ್ಸಿಗೆ ಹಾರಿದರು. ಹೋಗಬೇಡಿ ಎಂದು ಖಂಡಿತವಾಗಿ ಹೇಳಿದ್ದೆವು ಎಂದು ಅಧಿಕಾರಿಗಳು, ಹೋಗದಿದ್ದರೆ ಒಳ್ಳೆಯದು ಎಂದಷ್ಟೇ ಹೇಳಿದರು ಎಂದು ಅವರು. ಈ ವ್ಯಾಜ್ಯ ಬಗೆಹರಿಯಲಿಲ್ಲ, ವೈದ್ಯರಾಗುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಮುಲಾಜಿನ ಮಾತು ರೋಗಿಗೆ ಅನುಮತಿಯಂತೆ ಕೇಳಿಸುತ್ತದೆ. ರೋಮಿನಲ್ಲಿದ್ದಾಗ ಅವರಿಗೆ ಫೋನು ಬಂತು: ರೋಗ ಎಣಿಸಿದ್ದಕ್ಕಿಂತ ತೀವ್ರವಾದದ್ದು, ಸಾರ್ವಜನಿಕ ವಿಮಾನ ಹತ್ತಬೇಡಿ. ಅವರು ಪ್ರಾಗ್‌ಗೆ ಹೋಗಿ ಅಲ್ಲಿಂದ ಕೆನಡಾದ ಮಾಂಟ್ರಿಯಲ್ ವಿಮಾನ ಹತ್ತಿ, ಕಾರಿನಲ್ಲಿ ಗಡಿ ದಾಟಿದರು. ಗಡಿ ಕಾವಲಿನವರ ಕಂಪ್ಯೂಟರಿನಲ್ಲಿ ಎಚ್ಚರಿಕೆ ಬಂದಿದ್ದರೂ ಒಳಗೆ ಬಿಟ್ಟರು. 1963ರ ನಂತರ ಮೊದಲ ಬಾರಿಗೆ ಅಮೆರಿಕದ ಕೇಂದ್ರ ಸರ್ಕಾರ ಒಬ್ಬ ವ್ಯಕ್ತಿಯನ್ನು ಪ್ರತ್ಯೇಕವಾಗಿಡುವ ಆದೇಶ ಹೊರಡಿಸಿತು. ಎಣಿಸಿದಷ್ಟು ತೀವ್ರ ಬಗೆಯಲ್ಲ ಎಂದು ಜುಲೈನಲ್ಲಿ ತಿಳಿಯಿತು, ಸಹಪ್ರಯಾಣಿಕರಿಗೂ ಅವರಿಂದ ತಗುಲಿದ್ದು ಕಾಣಲಿಲ್ಲ. ಫಲ ಒಳ್ಳೆಯದಾಯಿತು ಎಂಬ ಕಾರಣಕ್ಕೆ ಆ ಎರಡನೆಯ ಪ್ರಯಾಣವನ್ನು ನಾನು ಒಪ್ಪಲಾರೆ. ಅವರಿಗೆ ಗೊತ್ತಿತ್ತು, ಪಕ್ಕದ ಸೀಟಿನವರಿಗೆ ಗೊತ್ತಿರಲಿಲ್ಲ. ಆದರೆ ಪರದೇಶದ ಆಸ್ಪತ್ರೆಯಲ್ಲಿ ಸಾಯಬೇಕಾದೀತು ಎಂದು ಅವರು ಹೆದರಿದ್ದರು. ವಿಮಾನ ಬೇಡ ಎಂದವರು, ಹಾಗಾದರೆ ಊರಿಗೆ ಬರುವುದು ಹೇಗೆ ಎಂಬುದಕ್ಕೆ ಅವರ ಕೈಗೆ ದಾರಿ ಕೊಡಲಿಲ್ಲ.

ಇಲ್ಲಿಂದ ಕಾನೂನಿಗೆ ಬರೋಣ. ಸೋಂಕಿನ ಊರಿಂದ ಬಂದವರನ್ನು ಒಂದು ತಿಂಗಳು ಊರ ಹೊರಗೆ ನಿಲ್ಲಿಸುವ ಕಟ್ಟಳೆಯನ್ನು ಇಂದಿನ ಡುಬ್ರೊವ್ನಿಕ್ ನಗರ 1377ರಲ್ಲೇ ಮಾಡಿತ್ತು. ನಮ್ಮಲ್ಲಿ ಇದರ ಕಹಿ ನೆನಪು ಪ್ಲೇಗಿನದು. 1896ರಲ್ಲಿ ಮುಂಬಯಿಗೆ ಬಂದ ರೋಗ ರೈಲುದಾರಿ ಹಿಡಿದು ಹುಬ್ಬಳ್ಳಿ, 1898ರ ಆಗಸ್ಟ್‌ನಲ್ಲಿ ಬೆಂಗಳೂರು ಸೇರಿತು. ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಇಳಿಸಿ ತೊಡೆಸಂದು, ಕಂಕುಳು ಮುಟ್ಟಿ ನೋಡಿದರು. ಮದ್ರಾಸು ಪ್ರಾಂತ್ಯದಲ್ಲಿ ಪ್ಲೇಗ್ ಪಾಸ್‌ಪೋರ್ಟ್ ಕೊಟ್ಟರು. ಹೆಣ್ಣುಮಕ್ಕಳ ಮೈಗೆ ಪರಪುರುಷರು ಕೈಹಾಕಿದ್ದಕ್ಕೆ ಜನ ಸಿಡಿದೆದ್ದರು, ರೋಗಿಗಳನ್ನು ಅಟ್ಟದಲ್ಲಿ, ಹಿತ್ತಿಲಲ್ಲಿ ಬಚ್ಚಿಟ್ಟರು. ಇಷ್ಟೆಲ್ಲ ನಡೆಯುವಾಗ ಪ್ಲೇಗನ್ನು ಹೊತ್ತ ಇಲಿ, ಚಿಗಟಗಳು ಧಾನ್ಯದ ಮೂಟೆಗಳಲ್ಲಿ ಯಾವ ತಪಾಸಣೆಯೂ ಇಲ್ಲದೆ ಸಾಗುತ್ತಿದ್ದವು. ಚಿಗಟದ ಪಾತ್ರವನ್ನು ಪೌಲ್ ಲೂಯಿ ಸಿಮೊಂ ಕರಾಚಿಯಲ್ಲಿ ಕಂಡುಹಿಡಿದದ್ದು ಅದೇ 1898ರಲ್ಲಿ. ತಿಳಿವಳಿಕೆ ಇಲ್ಲದ ಬಲಪ್ರಯೋಗ ರೋಗವನ್ನು ತಡೆಯಲಿಲ್ಲ, ಜನ ಬಾಯಿಬಿಡದಂತೆ ಮಾಡಿತು.

ಇಂದಿನ ಕಾನೂನಿನಲ್ಲಿ ಎರಡು ಬಗೆ ಇದೆ. ಜೀವಕ್ಕೆ ಅಪಾಯವಾಗುವ ಸೋಂಕನ್ನು ಅಜಾಗರೂಕತೆಯಿಂದ ಹರಡುವುದು ಭಾರತೀಯ ನ್ಯಾಯ ಸಂಹಿತೆಯ 271ನೆಯ ಕಲಮಿನಂತೆ ಅಪರಾಧ, ಬೇಕೆಂದೇ ಹರಡಿದರೆ 272. ಹಳೆಯ ದಂಡಸಂಹಿತೆಯಲ್ಲಿ ಇವು 269, 270 ಆಗಿದ್ದವು. ಆದರೆ ನನಗೆ ಹೆಚ್ಚು ಪ್ರಿಯವಾದದ್ದು 1989ರ ರೈಲ್ವೆ ಕಾಯಿದೆಯ 56ನೆಯ ಕಲಮು. ಗೊತ್ತುಪಡಿಸಿದ ಸೋಂಕು ರೋಗ ಇರುವವರು ರೈಲ್ವೆ ನೌಕರರ ಅನುಮತಿಯಿಲ್ಲದೆ ಡಬ್ಬಿ ಹತ್ತಬಾರದು. ಅನುಮತಿ ಕೊಟ್ಟ ನೌಕರ ಆ ರೋಗಿಯನ್ನು ಇತರರಿಂದ ಬೇರೆ ಕೂರಿಸುವ ಏರ್ಪಾಡು ಮಾಡಬೇಕು. ಹೇಳದೆ ಹತ್ತಿದರೆ ಟಿಕೆಟ್ ಮುಟ್ಟುಗೋಲು, ಕೆಳಗಿಳಿಸುವುದು. ಅಂದರೆ ಕಾನೂನು ರೋಗಿಗೆ ಮೊದಲು ಹೇಳುತ್ತಿರುವುದು ‘ಬರಬೇಡ’ ಎಂದಲ್ಲ, ‘ಹೇಳಿ ಬಾ’ ಎಂದು. ಅದೇ ರೈಲ್ವೆ ಚಿಕಿತ್ಸೆಗೆ ಹೋಗುವ ಕ್ಷಯರೋಗಿಗೆ ಟಿಕೆಟ್ ದರದಲ್ಲಿ ಶೇ 75 ರಿಯಾಯಿತಿಯನ್ನೂ ಇಟ್ಟಿದೆ. ರೋಗಿಯೂ ಪ್ರಯಾಣ ಮಾಡಬೇಕಾಗುತ್ತದೆ ಎಂದು ಒಪ್ಪಿಕೊಂಡ ವಿವೇಕ ಇದು. ಆದರೆ ನಮ್ಮ ನಿಲ್ದಾಣಗಳಲ್ಲಿ, ರೋಗವಿದೆ ಎಂಬುದನ್ನು ಯಾರ ಬಳಿ ಹೇಳಬೇಕು ಎಂಬ ಫಲಕ ನನ್ನ ಕಣ್ಣಿಗೆ ಬಿದ್ದಿಲ್ಲ. 2020ರ ಮಾರ್ಚ್‌ನಲ್ಲಿ ಹೊರದೇಶದಿಂದ ಬಂದವರ ಮುಂಗೈಗೆ ಮುದ್ರೆ ಒತ್ತಿದೆವು. ತುರ್ತಿನಲ್ಲಿ ಅದು ಬೇಕಾಗಿತ್ತೆಂದೇ ಇಟ್ಟುಕೊಳ್ಳೋಣ, ಆದರೂ ಆ ಮುದ್ರೆ ಕಂಡವರು ಬಸ್ಸಿನಿಂದ ಇಳಿಸಿದರೇ ಹೊರತು, ಇಳಿದವನು ಮುಂದೆ ಎಲ್ಲಿಗೆ ಹೋಗಬೇಕೆಂದು ಹೇಳಲಿಲ್ಲ.

ಇನ್ನು ಕೊನೆಯ ವಿಚಾರ. ಮನೆಯಲ್ಲೇ ಉಳಿಯಿರಿ ಎಂಬ ಉಪದೇಶ ಮನೆ ಇರುವವರಿಗೆ, ಸಂಬಳದ ರಜೆ ಇರುವವರಿಗೆ. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಜನ ಗುಳೆ ಹೊರಡುತ್ತಾರೆ. ಬೆಂಗಳೂರಿನ ಕಟ್ಟಡಗಳಿಗೆ, ಗೋವಾಕ್ಕೆ, ಮುಂಬಯಿಗೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಪಾಲು ನಮ್ಮ ದೇಶದಲ್ಲಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ಇಂಥ ದುಡಿಯುವವರು. ತಗಡಿನ ಶೆಡ್ಡಿನಲ್ಲಿ ಹತ್ತು ಜನರ ಜೊತೆ ಮಲಗುವವನಿಗೆ ಕೆಮ್ಮು ಹಿಡಿದು, ಕಫದ ಪರೀಕ್ಷೆ ಆಗಿ, ಟಿಬಿ ಎಂದು ತಿಳಿದ ದಿನವೇ ಮೇಸ್ತ್ರಿ ಲೆಕ್ಕ ಚುಕ್ತಾ ಮಾಡುತ್ತಾನೆ. ಅವನಿಗೆ ಉಳಿದಿರುವುದು ಊರಿನ ಬಸ್ಸು. ಸರಿಯಾದ ಔಷಧಿ ಶುರುವಾಗಿ ಎರಡು ವಾರ ಕಳೆದರೆ ಸಾಮಾನ್ಯ ಬಗೆಯ ಕ್ಷಯ ಹರಡುವುದು ಬಹುಮಟ್ಟಿಗೆ ನಿಲ್ಲುತ್ತದೆ. ಆ ಎರಡು ವಾರ ಅವನು ನಿಂತಲ್ಲೇ ನಿಲ್ಲಲು ಒಂದು ಚಾಪೆ, ಎರಡು ಹೊತ್ತಿನ ಊಟ ಸಿಕ್ಕರೆ ಸಾಕಿತ್ತು. ಸಿಗದೆ, ಅತಿ ಹೆಚ್ಚು ಸೋಂಕು ಹರಡುವ ಹೊತ್ತಿನಲ್ಲೇ ಅವನು ಇಡೀ ರಾತ್ರಿಯ ಬಸ್ಸಿನಲ್ಲಿರುತ್ತಾನೆ. ಇದನ್ನು ಅವನ ತಪ್ಪೆಂದು ಹೇಗೆ ಹೇಳಲಿ?

ಇದಕ್ಕೆ ವ್ಯವಸ್ಥೆ ಇಲ್ಲವೆಂದಲ್ಲ. ಕ್ಷಯರೋಗಿಗಳ ಸರ್ಕಾರಿ ನೋಂದಣಿ ವ್ಯವಸ್ಥೆಯಾದ ನಿಕ್ಷಯ್‌ನಲ್ಲಿ ಹೆಸರು ನೋಂದಾಯಿಸಿದ ರೋಗಿ ಯಾವ ಜಿಲ್ಲೆಗೆ ಹೋದರೂ ಅಲ್ಲಿ ಔಷಧಿ ಮುಂದುವರಿಸಬಹುದು. ಪೌಷ್ಟಿಕ ಆಹಾರಕ್ಕೆ ಕೊಡುತ್ತಿದ್ದ ತಿಂಗಳಿಗೆ 500 ರೂಪಾಯಿಯನ್ನು 2024ರ ನವೆಂಬರಿನಿಂದ 1000 ರೂಪಾಯಿ ಮಾಡಿದ್ದಾರೆ. ಆದರೆ ಔಷಧಿ ಕೊಡುವ ಮೇಜಿನ ಹಿಂದೆ ಕುಳಿತವರು "ಊರಿಗೆ ಯಾವಾಗ ಹೋಗ್ತೀರಪ್ಪಾ?" ಎಂದು ಮೊದಲ ದಿನವೇ ಕೇಳಬೇಕು. ಹೋಗುವುದೇ ಖಚಿತವಾದರೆ ಕೈಗೆ ಮಾತ್ರೆ, ಬಾಯಿಗೆ ಮಾಸ್ಕು, ಕಿಟಕಿ ತೆರೆಯುವ ಬಸ್ಸು ಹತ್ತಿ ಎಂಬ ಮಾತು, ಅಲ್ಲಿಯ ಆಸ್ಪತ್ರೆಗೊಂದು ಫೋನು. ಐದು ನಿಮಿಷದ ಕೆಲಸ. ಕೇಳುವ ದನಿಯಲ್ಲಿ ಗದರಿಕೆ ಇದ್ದರೆ ಅವನು ಎಲ್ಲಿಗೂ ಹೋಗುವುದಿಲ್ಲ ಎಂದು ಹೇಳಿ ಹೋಗುತ್ತಾನೆ.

ಕಟ್ಟಡದ ಮೇಸ್ತ್ರಿಯನ್ನು ದೂರಿ ಮುಗಿಸಿದರೆ ನಾನು ಈ ಸಭೆಗೆ ಅನ್ಯಾಯ ಮಾಡಿದಂತೆ. ವಿದ್ಯಾರ್ಥಿ ನಿಲಯಗಳಲ್ಲಿ ನಾವು ಮಾಡುವುದೂ ಅದನ್ನೇ. ಹುಡುಗನಿಗೆ ಚಿಕನ್‌ಪಾಕ್ಸ್ ಬಂತೆಂದರೆ ವಾರ್ಡನ್ ಹೇಳುವ ಮೊದಲ ಮಾತು "ಇವತ್ತೇ ಊರಿಗೆ ಹೊರಡು". ನಿಲಯದ ಇತರ ಮಕ್ಕಳ ಮೇಲಿನ ಕಾಳಜಿಯಿಂದಲೇ ಹೇಳುತ್ತಾರೆ. ಗುಳ್ಳೆ ತುಂಬಿದ ಮುಖಕ್ಕೆ ಟವೆಲು ಸುತ್ತಿಕೊಂಡು ಆ ಹುಡುಗ ಬಸ್ ನಿಲ್ದಾಣಕ್ಕೆ ನಡೆಯುತ್ತಾನೆ. ವೈಯಕ್ತಿಕ ಹೊಣೆಯ ಪಾಠವನ್ನು ನಾವು ಅವನಿಗೆ ಹೇಳುವುದು ತರಗತಿಯಲ್ಲಿ, ಮುರಿಯಲು ಕಲಿಸುವುದು ನಿಲಯದಲ್ಲಿ.

ಆದ್ದರಿಂದ ಪ್ರಾಂಶುಪಾಲರಲ್ಲಿ, ದತ್ತಿ ಸ್ಥಾಪಿಸಿದ ಕುಟುಂಬದವರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ನಿಲಯದಲ್ಲಿ ಗಾಳಿ ಬೆಳಕು ಚೆನ್ನಾಗಿರುವ ಎರಡು ಕೋಣೆಗಳನ್ನು ಇಂಥ ಮಕ್ಕಳಿಗಾಗಿ ಮೀಸಲಿಡಿ. ಊಟ ಕೋಣೆಗೇ ಹೋಗಲಿ. ಆ ದಿನಗಳ ಹಾಜರಾತಿ ಕಡಿತವಾಗದು, ತಪ್ಪಿದ ಆಂತರಿಕ ಪರೀಕ್ಷೆಯನ್ನು ಮತ್ತೆ ಬರೆಯಬಹುದು ಎಂದು ಸೂಚನಾ ಫಲಕದಲ್ಲಿ ವರ್ಷದ ಮೊದಲ ದಿನವೇ ಬರೆದು ಹಾಕಿ. ಕೋಣೆಗೆ ಹೋಗಿ ಬರುವವರು ಈ ರೋಗ ಮೊದಲೇ ಬಂದುಹೋದವರೋ ಲಸಿಕೆ ಹಾಕಿಸಿಕೊಂಡವರೋ ಆಗಿರಲಿ, ಬಸುರಿಯರು ಯಾರೂ ಆ ಕೆಲಸಕ್ಕೆ ಬೇಡ. ಈ ಉಪನ್ಯಾಸಕ್ಕೆಂದು ನನಗೆ ಕೊಡಲಿರುವ ಗೌರವಧನವನ್ನು ಆ ಕೋಣೆಗಳ ಹಾಸಿಗೆ, ಹೊದಿಕೆಗೆ ಬಳಸಬೇಕೆಂದು ಕೇಳಿಕೊಳ್ಳುತ್ತೇನೆ.